ಒಂಟಾರಿಯೊದಲ್ಲಿ ಬಾಡಿಗೆದಾರರನ್ನು ಎಬ್ಬಿಸುವ ಅಧಿಕಾರ ಯಾರದು?

ಕೆನಡಾದ ಒಂಟಾರಿಯೊ ಪ್ರಾಂತ್ಯದ ಮಿಸ್ಸಿಸಾಗಾಕ್ಕೆ ಬಂದು ನಾಲ್ಕು ತಿಂಗಳಾಯಿತೆಂದೂ, ಒಂದು ವರ್ಷದ ಕರಾರಿನ ಮೇಲೆ ಪತ್ನಿಯೊಂದಿಗೆ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೀರೆಂದೂ, "ಮನೆ ಮಾರುತ್ತಿದ್ದೇನೆ, ತಿಂಗಳ ಕೊನೆಗೆ ಖಾಲಿ ಮಾಡಿಕೊಡಿ" ಎಂದು ಮಾಲೀಕರು ವಾಟ್ಸ್ಆ್ಯಪ್‌ನಲ್ಲಿ ತಿಳಿಸಿದ್ದಾರೆಂದೂ ಬರೆದಿದ್ದೀರಿ. ಹೋಗದಿದ್ದರೆ ಬೀಗ ಬದಲಿಸುತ್ತಾರೆಯೇ, ಪೊಲೀಸರನ್ನು ಕರೆಸುತ್ತಾರೆಯೇ, ಮುಂದೆ ಪಿಆರ್ (ಕಾಯಂ ನಿವಾಸದ) ಅರ್ಜಿಗೆ ತೊಡಕಾಗುತ್ತದೆಯೇ, ಒಟ್ಟಿನಲ್ಲಿ ಇಲ್ಲಿನ ಮಾಲೀಕರು ಬಾಡಿಗೆದಾರರನ್ನು ಎಬ್ಬಿಸುವುದು ಹೇಗೆ ಎಂದು ಕೇಳಿದ್ದೀರಿ. ನಾನು ಇಲ್ಲಿ ಎಂಟು ವರ್ಷ ಬಾಡಿಗೆ ಮನೆಗಳಲ್ಲಿದ್ದು, ಆಮೇಲೆ ಬ್ರಾಂಪ್ಟನ್ನಿನಲ್ಲಿ ಮನೆ ಕೊಂಡು ಅದರ ಬೇಸ್‌ಮೆಂಟನ್ನು ಬಾಡಿಗೆಗೆ ಕೊಟ್ಟವನು. ನೋಟಿಸು ಪಡೆದವರ ಕಷ್ಟವನ್ನೂ ಕೊಟ್ಟವರ ಕಷ್ಟವನ್ನೂ ಕಂಡಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತಿದ್ದೇನೆ.

ಮೊದಲು ನಿಮ್ಮ ಭಯದ ವಿಷಯ. ಒಂಟಾರಿಯೊದಲ್ಲಿ ಬಾಡಿಗೆದಾರರನ್ನು ಹೊರಗೆ ಕಳಿಸುವ ಅಧಿಕಾರ ಮಾಲೀಕರಿಗೆ ಇಲ್ಲವೇ ಇಲ್ಲ. 2006ರ ರೆಸಿಡೆನ್ಷಿಯಲ್ ಟೆನೆನ್ಸೀಸ್ ಆ್ಯಕ್ಟ್ ಎಂಬ ಕಾಯ್ದೆ ಮಾಲೀಕರಿಗೆ ಕೊಟ್ಟಿರುವುದು ಕೇಳುವ ಹಕ್ಕನ್ನು ಮಾತ್ರ. ಅವರು ಗೊತ್ತುಪಡಿಸಿದ ನಮೂನೆಯಲ್ಲಿ ನೋಟಿಸು ಕೊಡಬಹುದು. ಬಾಡಿಗೆದಾರರು ಹೋಗದಿದ್ದರೆ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಬೋರ್ಡ್ ಎಂಬ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಎರಡೂ ಕಡೆಯವರ ಮಾತು ಕೇಳಿ ತೀರ್ಮಾನಿಸುವುದು ಮಂಡಳಿ. ಮಂಡಳಿಯ ಆದೇಶವಿದ್ದರೂ ಬಾಗಿಲಿಗೆ ಬಂದು ಬೀಗ ಬದಲಿಸುವ ಅಧಿಕಾರ ಶೆರಿಫ್ ಎಂದು ಕರೆಯಲಾಗುವ ನ್ಯಾಯಾಲಯದ ಅಧಿಕಾರಿಗೆ ಮಾತ್ರ ಇದೆ. ಪೊಲೀಸರಿಗೂ ಈ ಕೆಲಸಕ್ಕೂ ಸಂಬಂಧವಿಲ್ಲ. ಮಾಲೀಕರು ಕರೆದರೆ, ಇದು ಸಿವಿಲ್ ವಿಚಾರ, ಬೋರ್ಡಿಗೆ ಹೋಗಿ ಎಂದು ಹೇಳಿ ಹಿಂದಿರುಗುವುದೇ ವಾಡಿಕೆ. ಮಂಡಳಿಯ ಮುಂದೆ ನಿಲ್ಲುವುದು ಅಪರಾಧ ದಾಖಲೆಯೂ ಅಲ್ಲ, ಆದ್ದರಿಂದ ಪಿಆರ್ ವಿಚಾರವನ್ನು ಇದರೊಂದಿಗೆ ಸೇರಿಸಿಕೊಂಡು ನಿದ್ದೆಗೆಡಬೇಡಿ.

ಆದರೆ ಒಂದು ಸಂಗತಿಯನ್ನು ಈಗಲೇ ಖಚಿತಪಡಿಸಿಕೊಳ್ಳಿ. ನಿಮ್ಮ ಮಾಲೀಕರು ಅದೇ ಮನೆಯಲ್ಲಿ ವಾಸವಿದ್ದು, ಅಡುಗೆಮನೆಯನ್ನೋ ಬಚ್ಚಲನ್ನೋ ಅವರೊಂದಿಗೆ ಅಥವಾ ಅವರ ಪತಿ, ಪತ್ನಿ, ಮಕ್ಕಳು, ತಂದೆತಾಯಿಯರೊಂದಿಗೆ ನೀವು ಹಂಚಿಕೊಳ್ಳಲೇಬೇಕಾದ ಏರ್ಪಾಡಿದ್ದರೆ, ಈ ಕಾಯ್ದೆ ನಿಮಗೆ ಅನ್ವಯಿಸುವುದೇ ಇಲ್ಲ. ಹೊಸದಾಗಿ ಬಂದ ಎಷ್ಟೋ ವಿದ್ಯಾರ್ಥಿಗಳು ಮಾಲೀಕರ ಮನೆಯಲ್ಲೇ ಒಂದು ಕೋಣೆ ಹಿಡಿದು, ಎಲ್ಲ ರಕ್ಷಣೆಯೂ ತಮಗಿದೆಯೆಂದು ನಂಬಿರುತ್ತಾರೆ. ಅವರಿಗೆ ಮಂಡಳಿಯ ಬಾಗಿಲು ತೆರೆಯುವುದಿಲ್ಲವೆಂದು ತಿಳಿಯುವುದು ಪೆಟ್ಟಿಗೆ ಹೊರಗಿಟ್ಟ ದಿನ. ನಿಮ್ಮ ಬೇಸ್‌ಮೆಂಟಿಗೆ ಪ್ರತ್ಯೇಕ ಒಲೆ, ಪ್ರತ್ಯೇಕ ಬಚ್ಚಲು ಇದೆಯೆಂದು ನೀವು ಬರೆದಿರುವುದರಿಂದ ಮುಂದಿನದೆಲ್ಲ ನಿಮಗೆ ಅನ್ವಯಿಸುತ್ತದೆ ಎಂದುಕೊಂಡು ಹೇಳುತ್ತೇನೆ.

ಮನೆಯನ್ನು ಮಾರಾಟಕ್ಕೆ ಇಟ್ಟಿದ್ದೇನೆ ಎಂಬುದು ಇಲ್ಲಿ ಬಾಡಿಗೆದಾರರನ್ನು ಬಿಡಿಸಲು ಕಾರಣವೇ ಅಲ್ಲ. ಮನೆ ಮಾರಾಟವಾದರೆ ಬಾಡಿಗೆದಾರರು ಮನೆಯ ಜೊತೆಗೇ ಹೊಸ ಮಾಲೀಕರಿಗೆ ವರ್ಗವಾಗುತ್ತಾರೆ, ಕರಾರಿನ ಷರತ್ತುಗಳೂ ಹಾಗೆಯೇ ಮುಂದುವರಿಯುತ್ತವೆ. ಕೊಳ್ಳುವವರು ಖರೀದಿ ಕರಾರಿಗೆ ಸಹಿ ಹಾಕಿದ ಮೇಲೆ, ತಾವು ಅಥವಾ ತಮ್ಮ ಹತ್ತಿರದ ಕುಟುಂಬದವರು ನಿಜವಾಗಿಯೂ ಅಲ್ಲಿ ವಾಸಿಸಲು ಬರುತ್ತಿದ್ದರೆ, ಮತ್ತು ಕಟ್ಟಡದಲ್ಲಿ ಮೂರಕ್ಕಿಂತ ಹೆಚ್ಚು ವಾಸದ ಘಟಕಗಳಿಲ್ಲದಿದ್ದರೆ, ಆಗ ಮಾತ್ರ ಮಾಲೀಕರು ಅವರ ಪರವಾಗಿ ಎನ್12 ಎಂಬ ನೋಟಿಸು ಕೊಡಬಹುದು. ಅದಕ್ಕೆ ಕನಿಷ್ಠ 60 ದಿನಗಳ ಅವಧಿ ಬೇಕು. ಬಿಡಬೇಕಾದ ದಿನವು ಬಾಡಿಗೆ ತಿಂಗಳ ಕೊನೆಯ ದಿನವೇ ಆಗಿರಬೇಕು. ಒಂದು ವರ್ಷದಂತಹ ನಿಗದಿತ ಅವಧಿಯ ಕರಾರಿದ್ದರೆ ಆ ಅವಧಿ ಮುಗಿಯುವ ಮೊದಲಿನ ದಿನಾಂಕವನ್ನು ಹಾಕುವಂತೆಯೇ ಇಲ್ಲ. ನಿಮ್ಮ ಕರಾರಿನಲ್ಲಿ ಇನ್ನೂ ಎಂಟು ತಿಂಗಳು ಬಾಕಿ ಇದೆ. ನಿಮ್ಮ ಪ್ರಶ್ನೆಗೆ ಮುಖ್ಯವಾದ ಉತ್ತರ ಇಷ್ಟರಲ್ಲೇ ಇದೆ.

ಮಾಲೀಕರು ಸ್ವಂತ ವಾಸಕ್ಕೆ ಬೇಕೆಂದು ಕೇಳುವುದೂ ಇದೇ ಎನ್12 ನೋಟಿಸಿನಲ್ಲಿ. ಬಂದು ವಾಸಿಸುವವರು ಮಾಲೀಕರು, ಅವರ ಪತಿ ಅಥವಾ ಪತ್ನಿ, ಇಬ್ಬರಲ್ಲಿ ಯಾರದಾದರೂ ಮಕ್ಕಳು ಅಥವಾ ತಂದೆತಾಯಿ, ಇಲ್ಲವೇ ಇವರನ್ನು ನೋಡಿಕೊಳ್ಳುವ ಆರೈಕೆಯವರು ಆಗಿರಬೇಕು, ಮತ್ತು ಕನಿಷ್ಠ ಒಂದು ವರ್ಷ ಇರುವ ಉದ್ದೇಶವಿರಬೇಕು. ಅಣ್ಣತಮ್ಮಂದಿರು, ಅಕ್ಕತಂಗಿಯರು, ಸೋದರಮಾವ ಈ ಪಟ್ಟಿಯಲ್ಲಿಲ್ಲ. ನಮ್ಮವರಲ್ಲಿ ಹಲವರಿಗೆ ಇದು ಒಪ್ಪಿಗೆಯಾಗುವುದಿಲ್ಲ. ತಮ್ಮನೆಂದರೆ ಮನೆಯವನಲ್ಲವೇ ಎನ್ನುತ್ತಾರೆ. ಆದರೆ ಕಾಯ್ದೆ ಗೆರೆ ಎಳೆದಿರುವುದು ಅಲ್ಲಿಯೇ. ಈ ನೋಟಿಸು ಕೊಟ್ಟವರು ಬಾಡಿಗೆದಾರರಿಗೆ ಒಂದು ತಿಂಗಳ ಬಾಡಿಗೆಯಷ್ಟು ಪರಿಹಾರವನ್ನೂ ಕೊಡಬೇಕೆಂಬುದು ನಡೆದುಬಂದ ನಿಯಮ. ಖಾಲಿ ಮಾಡಿಸಿದ ಮೇಲೆ ಯಾರೂ ವಾಸಿಸಲು ಬಾರದೆ, ಹೆಚ್ಚಿನ ಬಾಡಿಗೆಗೆ ಬೇರೆಯವರನ್ನು ಇಟ್ಟರೆ, ಹೋದ ಬಾಡಿಗೆದಾರರು ಒಂದು ವರ್ಷದೊಳಗೆ ಟಿ5 ಎಂಬ ಅರ್ಜಿ ಹಾಕಬಹುದು. ಮಂಡಳಿ 12 ತಿಂಗಳ ಬಾಡಿಗೆಯವರೆಗೆ ಪರಿಹಾರ ಕೊಡಿಸಬಲ್ಲದು.

ಇಲ್ಲಿ ಒಂದು ಎಚ್ಚರಿಕೆ. 2025ರ ನವೆಂಬರಿನಲ್ಲಿ ಪ್ರಾಂತ್ಯದ ಶಾಸನಸಭೆ ಅಂಗೀಕರಿಸಿದ ತಿದ್ದುಪಡಿಯಲ್ಲಿ ಈ ಗಡುವುಗಳ ಕೆಲವು ಬದಲಾವಣೆಗಳಿವೆ. 120 ದಿನ ಮೊದಲೇ ಎನ್12 ಕೊಟ್ಟವರಿಗೆ ಪರಿಹಾರದ ಹೊಣೆಯಿಂದ ವಿನಾಯಿತಿ, ಬಾಕಿ ಬಾಡಿಗೆಯ ನೋಟಿಸಿನ 14 ದಿನಗಳನ್ನು 7ಕ್ಕೆ ಇಳಿಸುವುದು ಅವುಗಳಲ್ಲಿ ಸೇರಿವೆ. ಇಂತಹ ಕಲಮುಗಳು ಜಾರಿಗೆ ಬರುವ ದಿನವನ್ನು ಸರ್ಕಾರ ಬೇರೆಯಾಗಿ ಗೊತ್ತುಪಡಿಸುವುದರಿಂದ, ನೋಟಿಸು ಕೈಗೆ ಬಂದ ದಿನ ಮಂಡಳಿಯ ಜಾಲತಾಣದಲ್ಲಿರುವ ನಮೂನೆಯನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ ನೋಡಿ. ಸ್ನೇಹಿತರ ಹಳೆಯ ನೋಟಿಸಿನ ಫೋಟೊ ನೋಡಿ ದಿನ ಎಣಿಸಬೇಡಿ.

ಮಾಲೀಕರು ಅತಿ ಹೆಚ್ಚಾಗಿ ಬಳಸುವ ದಾರಿ ಬಾಡಿಗೆ ಬಾಕಿಯದು. ಒಂದನೇ ತಾರೀಖು ಕೊಡಬೇಕಾದ ಬಾಡಿಗೆ ಬರದಿದ್ದರೆ ಎರಡನೇ ತಾರೀಖಿನಿಂದಲೇ ಎನ್4 ನೋಟಿಸು ಕೊಡಬಹುದು. ನೋಟಿಸಿನ ಗಡುವಿನೊಳಗೆ ಪೂರ್ತಿ ಬಾಕಿ ಕಟ್ಟಿದರೆ ನೋಟಿಸು ತಾನಾಗಿಯೇ ರದ್ದಾಗುತ್ತದೆ. ಕಟ್ಟದಿದ್ದರೆ ಮಾಲೀಕರು ಶುಲ್ಕ ಕಟ್ಟಿ ಎಲ್1 ಎಂಬ ಅರ್ಜಿಯನ್ನು ಮಂಡಳಿಗೆ ಸಲ್ಲಿಸುತ್ತಾರೆ. ಆಮೇಲೂ ಬಾಕಿಯ ಜೊತೆಗೆ ಆ ಶುಲ್ಕವನ್ನೂ ಕಟ್ಟಿ ಮನೆಯನ್ನು ಉಳಿಸಿಕೊಳ್ಳುವ ಅವಕಾಶ, ಆದೇಶ ಬಂದ ಮೇಲೂ ಶೆರಿಫ್ ಬಾಗಿಲಿಗೆ ಬರುವವರೆಗೆ ಇರುತ್ತದೆ. ಕಾಯ್ದೆಯ ಈ ಭಾಗ ನನಗೆ ಬಹಳ ಹಿಡಿಸುತ್ತದೆ, ಏಕೆಂದರೆ ಕೆಲಸ ಕಳೆದುಕೊಂಡು ಎರಡು ತಿಂಗಳು ತತ್ತರಿಸಿದ ಸಂಸಾರವೊಂದು ಮತ್ತೆ ಕಾಲೂರಲು ಇದರಲ್ಲಿ ಸಮಯ ಸಿಗುತ್ತದೆ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ನಮ್ಮ ಬೇಸ್‌ಮೆಂಟಿನಲ್ಲಿ ಒಬ್ಬ ಪುಟ್ಟ ಮಗಳಿದ್ದ ದಂಪತಿಗಳಿದ್ದರು. ಒಂದು ಚಳಿಗಾಲದಲ್ಲಿ ಗಂಡನಿಗೆ ಗೋದಾಮಿನ ಕೆಲಸ ಹೋಯಿತು, ಬಾಡಿಗೆ ನಿಂತಿತು. ಮೂರನೆಯ ತಿಂಗಳಿಗೆ ನಮ್ಮ ಸಾಲದ ಕಂತಿಗೂ ಕೈ ಕಟ್ಟಿತು. ಪಕ್ಕದ ಬಾಗಿಲಿನ ಬಳಿ ಆ ಮಗುವಿನ ಕೆಂಪು ಬೂಟುಗಳು ಹಿಮದಲ್ಲಿ ಒದ್ದೆಯಾಗಿ ಬಿದ್ದಿರುತ್ತಿದ್ದವು. ಅವನ್ನು ದಾಟಿ ಹೋಗಿ ಕೈಯಲ್ಲಿ ನೋಟಿಸು ಕೊಡಲು ನನಗೆ ಮನಸ್ಸು ಬರಲಿಲ್ಲ. ಒಂದೇ ಮನೆಯಲ್ಲಿದ್ದೂ ಎನ್4 ಅನ್ನು ಲಕೋಟೆಗೆ ಹಾಕಿ ಅಂಚೆಗೆ ಕೊಟ್ಟೆ. ಅಂಚೆಗೆ ಹಾಕಿದ ದಿನದಿಂದ ಹದಿನಾಲ್ಕು ದಿನ ಎಣಿಸಿ ಗಡುವಿನ ದಿನಾಂಕ ಬರೆದಿದ್ದೆ. ಅಂಚೆಯಲ್ಲಿ ಕಳಿಸಿದ ನೋಟಿಸು ಐದನೆಯ ದಿನ ತಲುಪಿತೆಂದು ಲೆಕ್ಕ ಹಿಡಿಯಬೇಕೆಂಬ ನಿಯಮ ಆಗ ನನಗೆ ಗೊತ್ತಿರಲಿಲ್ಲ. ವಿಚಾರಣೆಯ ದಿನ ತೀರ್ಪುಗಾರರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಯಾವ ದಿನ ಅಂಚೆಗೆ ಹಾಕಿದಿರಿ? ಹೇಳಿದೆ. ಗಡುವು ಕಡಿಮೆಯಾಗಿದೆ, ನೋಟಿಸು ಊರ್ಜಿತವಲ್ಲ ಎಂದು ಅರ್ಜಿಯನ್ನು ವಜಾ ಮಾಡಿದರು. ಬಾಕಿ ಎಷ್ಟು, ಯಾರು ಸರಿ ಎಂಬ ಮಾತೇ ಬರಲಿಲ್ಲ. ಮತ್ತೆ ಮೊದಲ ಹಾಳೆಯಿಂದ ಆರಂಭಿಸಬೇಕಾಯಿತು.

ಎರಡನೆಯ ಸಲ ನೋಟಿಸನ್ನು ಕೈಯಲ್ಲೇ ಕೊಟ್ಟೆ, ಅದನ್ನು ಕೊಡುವಾಗ ಕುಳಿತು ಮಾತಾಡಿದೆ. ವಿಚಾರಣೆಗೆ ಮುನ್ನ ಮಂಡಳಿಯ ಮಧ್ಯಸ್ಥರೊಬ್ಬರು ಎರಡೂ ಕಡೆಯವರನ್ನು ಕೂಡಿಸಿ, ಹತ್ತು ಕಂತುಗಳಲ್ಲಿ ಬಾಕಿ ತೀರಿಸುವ ಒಪ್ಪಂದಕ್ಕೆ ತಂದರು. ಕಂತು ತಪ್ಪಿದರೆ ಹೊಸ ವಿಚಾರಣೆಯಿಲ್ಲದೆಯೇ ನಾನು ಆದೇಶ ಕೇಳಬಹುದೆಂಬ ಷರತ್ತು ಅದರಲ್ಲಿತ್ತು. ಅವರಿಗೆ ಹೊಸ ಕೆಲಸ ಸಿಕ್ಕಿತು, ಒಂದು ಕಂತೂ ತಪ್ಪಲಿಲ್ಲ. ಈ ಮಾತುಕತೆಯನ್ನು ಮೊದಲ ತಿಂಗಳೇ ನಡೆಸಬಹುದಿತ್ತು ಎಂಬ ಕೊರಗು ನನಗೆ ಈಗಲೂ ಇದೆ.

ಆದ್ದರಿಂದ ಇಲ್ಲಿ ಅನುಭವಸ್ಥ ಮಾಲೀಕರು ಕಾಗದವನ್ನು ಬಹಳ ಎಚ್ಚರದಿಂದ ನಿರ್ವಹಿಸುತ್ತಾರೆ. ಕರಾರಿನಲ್ಲಿರುವ ಎಲ್ಲ ಬಾಡಿಗೆದಾರರ ಹೆಸರು, ಬೇಸ್‌ಮೆಂಟ್ ಎಂಬ ಮಾತೂ ಸೇರಿದ ಪೂರ್ಣ ವಿಳಾಸ, ತಿಂಗಳುವಾರು ಬಾಕಿಯ ಲೆಕ್ಕ, ಗಡುವಿನ ದಿನಾಂಕ, ಸಹಿ ಇವುಗಳಲ್ಲಿ ಒಂದು ತಪ್ಪಿದರೂ ತಿಂಗಳುಗಳು ಹೋಗುತ್ತವೆ. ತಡವಾದದ್ದಕ್ಕೆ ದಂಡವೆಂದು ಸೇರಿಸುವಂತಿಲ್ಲ. ನೋಟಿಸನ್ನು ಬಾಗಿಲಿಗೆ ಅಂಟಿಸಿ ಬಂದರೆ ಅದು ಕೊಟ್ಟಂತೆ ಆಗುವುದಿಲ್ಲ. ಕೈಯಲ್ಲಿ ಕೊಡಬೇಕು, ಬಾಡಿಗೆದಾರರ ಅಂಚೆಪೆಟ್ಟಿಗೆಗೆ ಹಾಕಬೇಕು, ಬಾಗಿಲ ಕೆಳಗಿನಿಂದ ಒಳಗೆ ತಳ್ಳಬೇಕು ಅಥವಾ ಅಂಚೆಯಲ್ಲಿ ಕಳಿಸಬೇಕು. ಹೀಗಿರುವಾಗ ಅಧಿಕೃತ ನಮೂನೆಯೇ ಇಲ್ಲದ ವಾಟ್ಸ್ಆ್ಯಪ್ ಸಂದೇಶಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ನೀವೇ ಅಂದಾಜು ಮಾಡಬಹುದು.

ವಿಚಾರಣೆಗಳು ಈಗ ಬಹುಪಾಲು ವಿಡಿಯೊ ಮೂಲಕವೇ ನಡೆಯುತ್ತವೆ. ಮಾಲೀಕರ ಕಾರಣ ಸಾಬೀತಾದರೂ ಮಂಡಳಿ ಎಲ್ಲ ಸನ್ನಿವೇಶಗಳನ್ನೂ ತೂಗಿ ನೋಡಬೇಕೆಂದು ಕಾಯ್ದೆಯ 83ನೇ ಕಲಮು ಹೇಳುತ್ತದೆ. ಮಗುವಿನ ಶಾಲೆ, ಕಾಯಿಲೆ, ಬೇರೆ ಮನೆ ಹುಡುಕಲು ಬೇಕಾದ ಕಾಲ ಇವನ್ನು ಪರಿಗಣಿಸಿ ಮಂಡಳಿ ದಿನ ಮುಂದೂಡಬಹುದು, ಕೆಲವೊಮ್ಮೆ ಅರ್ಜಿಯನ್ನೇ ನಿರಾಕರಿಸಬಹುದು. ಆದ್ದರಿಂದ ವಿಚಾರಣೆಯ ದಿನ ತಪ್ಪಿಸಿಕೊಳ್ಳುವುದು ಬಾಡಿಗೆದಾರರು ಮಾಡುವ ಅತಿ ದೊಡ್ಡ ತಪ್ಪು. ಬಾರದವರ ಗೈರುಹಾಜರಿಯಲ್ಲೇ ಆದೇಶವಾಗುತ್ತದೆ. ಮಂಡಳಿಯ ವಿಳಂಬದ ಬಗ್ಗೆ ಸರ್ಕಾರಿ ಸಂಸ್ಥೆಗಳ ಮೇಲಿನ ದೂರುಗಳನ್ನು ವಿಚಾರಿಸುವ ಪ್ರಾಂತ್ಯದ ಒಂಬುಡ್ಸ್‌ಮನ್ ಪಾಲ್ ಡ್ಯೂಬೆ 2023ರ ಮೇ ತಿಂಗಳಲ್ಲಿ 61 ಶಿಫಾರಸುಗಳ ವರದಿಯನ್ನೇ ಕೊಟ್ಟಿದ್ದಾರೆ. ಆ ವಿಳಂಬದಿಂದ ಬಾಡಿಗೆಯನ್ನೇ ನಂಬಿದ ಸಣ್ಣ ಮಾಲೀಕರೂ ನೊಂದಿದ್ದಾರೆ, ಕೆಟ್ಟ ಮನೆಯಲ್ಲಿ ದುರಸ್ತಿಗೆ ಕಾದ ಬಾಡಿಗೆದಾರರೂ ನೊಂದಿದ್ದಾರೆ.

ಈ ವಿಳಂಬವೇ ಕೆಲವು ಮಾಲೀಕರನ್ನು ಅಡ್ಡದಾರಿಗೆ ತಳ್ಳುತ್ತದೆ. ಬೀಗ ಬದಲಿಸುವುದು, ಹೀಟಿಂಗ್ ಅಥವಾ ನೀರು ನಿಲ್ಲಿಸುವುದು, ಸಾಮಾನು ಹೊರಗಿಡುವುದು, ದಿನಕ್ಕೆ ಮೂರು ಬಾರಿ ಬಾಗಿಲು ಬಡಿಯುವುದು, ಇವೆಲ್ಲ ಅಪರಾಧಗಳು. ವ್ಯಕ್ತಿಗಳಿಗೆ 1 ಲಕ್ಷ ಡಾಲರ್‌ವರೆಗೆ ದಂಡ ವಿಧಿಸಲು ಅವಕಾಶವಿದೆ. ಹಾಗೇನಾದರೂ ನಡೆದರೆ ಇಂತಹ ಅಪರಾಧಗಳನ್ನು ವಿಚಾರಿಸುವ ಪ್ರಾಂತ್ಯದ ರೆಂಟಲ್ ಹೌಸಿಂಗ್ ಎನ್‌ಫೋರ್ಸ್‌ಮೆಂಟ್ ಯೂನಿಟ್‌ಗೆ ಕೂಡಲೇ ಕರೆ ಮಾಡಿ. ಶೆರಿಫ್ ಬಂದು ಕಾನೂನುಬದ್ಧವಾಗಿ ಖಾಲಿ ಮಾಡಿಸಿದಾಗಲೂ ಬಾಡಿಗೆದಾರರ ಸಾಮಾನನ್ನು 72 ಗಂಟೆಗಳ ಕಾಲ ಮಾಲೀಕರು ಮುಟ್ಟುವಂತಿಲ್ಲ, ಅದನ್ನು ಒಯ್ಯಲು ಅವಕಾಶ ಕೊಡಬೇಕು.

ಇನ್ನೊಂದು ಕಾಗದದ ಬಗ್ಗೆ ವಿಶೇಷವಾಗಿ ಎಚ್ಚರವಿರಲಿ. ಎನ್11 ಎಂಬುದು ಎರಡೂ ಕಡೆಯವರು ಒಪ್ಪಿ ಬಾಡಿಗೆಯನ್ನು ಮುಗಿಸುವ ಪತ್ರ. ಸುಮ್ಮನೆ ದಾಖಲೆಗೆ ಎಂದು ಹೇಳಿ ಇದಕ್ಕೆ ಸಹಿ ಹಾಕಿಸಿಕೊಳ್ಳುವವರಿದ್ದಾರೆ. ಸಹಿ ಬಿದ್ದರೆ ಮೇಲೆ ಹೇಳಿದ ರಕ್ಷಣೆಯ ಬಹುಪಾಲನ್ನು ನೀವೇ ಬಿಟ್ಟುಕೊಟ್ಟಂತೆ. ವಿಚಾರಣೆಯಿಲ್ಲದೆಯೇ ಆದೇಶ ಬರಬಹುದು. ಹಾಗೆಂದು ಎನ್11 ಕೆಟ್ಟದ್ದೇನಲ್ಲ. ಖಾಲಿ ಮನೆಗೆ ಒಳ್ಳೆಯ ಬೆಲೆ ಬರುತ್ತದೆಂದು ಮಾಲೀಕರು ಹಣ ಕೊಟ್ಟು ಬಿಡಿಸಿಕೊಳ್ಳಲು ಮುಂದೆ ಬರುವುದುಂಟು. ಮೊತ್ತ ನಿಮಗೆ ಒಪ್ಪಿಗೆಯಾದರೆ, ಹಣ ಸಂದಾಯವಾಗುವ ದಿನವನ್ನೂ ಬರೆಸಿಕೊಂಡು, ತಿಳಿದು ಸಹಿ ಹಾಕಿ. ಇದು ಪೂರ್ತಿ ನಿಮ್ಮ ಇಚ್ಛೆಗೆ ಬಿಟ್ಟದ್ದು.

ಹಾನಿಗೆಂದು 1,000 ಡಾಲರ್ ಮುಂಗಡ ಕೊಟ್ಟಿದ್ದೇವೆ, ಅದನ್ನು ಹಿಡಿದುಕೊಳ್ಳುತ್ತಾರೆಯೇ ಎಂದೂ ಕೇಳಿದ್ದೀರಿ. ಇಲ್ಲಿ ಕೊನೆಯ ತಿಂಗಳ ಬಾಡಿಗೆಯನ್ನು ಮಾತ್ರ ಮುಂಗಡವಾಗಿ ತೆಗೆದುಕೊಳ್ಳಬಹುದು; ಹಾನಿಯ ಮುಂಗಡ ಕಾನೂನುಬಾಹಿರ. ಅದನ್ನು ಹಿಂದಕ್ಕೆ ಕೇಳುವ ಹಕ್ಕು ನಿಮಗಿದೆ. ಆದರೆ ಅದೇ ನೆಪದಲ್ಲಿ ಈ ತಿಂಗಳ ಬಾಡಿಗೆಯಿಂದ ನೀವಾಗಿ ಮುರಿದುಕೊಳ್ಳಬೇಡಿ, ಏಕೆಂದರೆ ಆಗ ಎನ್4 ಕೊಡಲು ನೀವೇ ಕಾರಣ ಒದಗಿಸಿದಂತಾಗುತ್ತದೆ.

ಈಗ ಮಾಡಬೇಕಾದದ್ದು ಸ್ವಲ್ಪವೇ. ಬಾಡಿಗೆಯನ್ನು ಒಂದನೇ ತಾರೀಖಿಗೆ ತಪ್ಪದೆ, ದಾಖಲೆ ಉಳಿಯುವಂತೆ ಬ್ಯಾಂಕಿನಿಂದಲೇ ಕಳಿಸಿ. ಮಾಲೀಕರ ಸಂದೇಶವನ್ನು ಅಳಿಸಬೇಡಿ. ಜಗಳದ ಧ್ವನಿಯಿಲ್ಲದೆ, "ನಮ್ಮ ಕರಾರು ಇನ್ನೂ ಎಂಟು ತಿಂಗಳಿದೆ. ಮನೆ ಮಾರಾಟವಾದರೂ ಅದು ಮುಂದುವರಿಯುತ್ತದೆಂದು ತಿಳಿದಿದ್ದೇವೆ. ಮನೆ ತೋರಿಸಲು 24 ಗಂಟೆ ಮೊದಲು ತಿಳಿಸಿದರೆ ಸಹಕರಿಸುತ್ತೇವೆ" ಎಂದು ಬರೆದು ಕಳಿಸಿ. ನಿಮ್ಮ ಪ್ರದೇಶದ ಕಮ್ಯೂನಿಟಿ ಲೀಗಲ್ ಕ್ಲಿನಿಕ್‌ಗೆ ಈ ವಾರವೇ ಫೋನು ಮಾಡಿ ಸಮಯ ಕೇಳಿ. ಆದಾಯ ಕಡಿಮೆಯಿರುವವರಿಗೆ ಅಲ್ಲಿ ಉಚಿತ ಸಲಹೆ ಸಿಗುತ್ತದೆ. ಮಾಲೀಕರಿಂದ ಮುಂದೆ ಎನ್12 ಬಂದರೆ, ಅದರಲ್ಲಿ ಬರೆದಿರುವ ದಿನಾಂಕವನ್ನೂ ನಿಮ್ಮ ಕರಾರಿನ ಕೊನೆಯ ದಿನಾಂಕವನ್ನೂ ನನಗೆ ತಿಳಿಸಿ. ಎರಡನ್ನೂ ಹೋಲಿಸಿ ನೋಡೋಣ.