ಕೊಟ್ಟ ಮಾತಿಗೆ ತಪ್ಪಿದ ಮೇಲೂ ನಾನು ಒಡಂಬಡಿಕೆಯ ಒಳಗಿದ್ದೇನೆಯೇ?

ಪ್ರತಿ ಜನವರಿಯ ಒಡಂಬಡಿಕೆ ಆರಾಧನೆಯಲ್ಲಿ ಎದ್ದು ನಿಂತು ದೇವರಿಗೆ ಮಾತು ಕೊಡುತ್ತೀರಿ, ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್ ಬರುವಷ್ಟರಲ್ಲಿ ಅದನ್ನು ಮುರಿದಿರುತ್ತೀರಿ. ಕರಾರು ಮುರಿದವರು ತಮ್ಮನ್ನು ಕ್ರೈಸ್ತರೆಂದು ಕರೆದುಕೊಳ್ಳಬಹುದೇ ಎಂಬುದು ನಿಮ್ಮ ಪ್ರಶ್ನೆ. ನಾನು ಸಭಾಪಾಲಕನಲ್ಲ, ಸಂಡೇ ಸ್ಕೂಲಿನಲ್ಲಿ ಪಾಠ ಹೇಳುವವನು. ಆದರೂ ಧೈರ್ಯವಾಗಿ ಹೇಳುತ್ತೇನೆ: ಕರೆದುಕೊಳ್ಳಬಹುದು. ನೀವು ಯಾರವರು ಎನ್ನುವುದನ್ನು ತೀರ್ಮಾನಿಸಿದ್ದು ದೇವರು ನಿಮಗೆ ಕೊಟ್ಟ ಮಾತು.

ಬೈಬಲಿನ ಆದಿಕಾಂಡ 15ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ದೇವರ ಮಾತಿನಂತೆ ಅಬ್ರಾಮನು (ಮುಂದೆ ಅಬ್ರಹಾಮನೆಂದು ಹೆಸರಾದವನು) ಕಡಸು, ಆಡು, ಟಗರುಗಳನ್ನು ಕಡಿದು ಹೋಳುಗಳನ್ನು ಎದುರುಬದುರಾಗಿ ಇಡುತ್ತಾನೆ. ಆ ಕಾಲದಲ್ಲಿ ಹೋಳುಗಳ ನಡುವೆ ಹಾದುಹೋಗುವುದೆಂದರೆ ಆಣೆ ಇಟ್ಟಂತೆ; ಮಾತಿಗೆ ತಪ್ಪಿದರೆ ಈ ಪ್ರಾಣಿಗಳ ಗತಿಯೇ ತನಗೂ ಬರಲಿ ಎಂದು. ಯೆರೆಮೀಯ 34ರಲ್ಲಿ ಹಾಗೆ ಹಾದುಹೋಗಿ ಮಾತು ಮುರಿದವರಿಗೆ ದೇವರು ಕೊಡುವ ಎಚ್ಚರಿಕೆಯೂ ಅದೇ. ಆದರೆ ಇಲ್ಲಿ ಅಬ್ರಾಮನು ನಡೆಯುವುದೇ ಇಲ್ಲ. ಅವನಿಗೆ ಗಾಢನಿದ್ರೆ ಹತ್ತಿರುತ್ತದೆ. ಕತ್ತಲಾದ ಮೇಲೆ ಹೊಗೆಯಾಡುವ ಒಲೆಯೊಂದು, ಉರಿಯುವ ದೀವಟಿಗೆಯೊಂದು ಹೋಳುಗಳ ನಡುವೆ ಹಾದುಹೋಗುತ್ತವೆ. ದೇವರು ಒಬ್ಬನೇ ನಡೆದನು, ಆಣೆಯ ಭಾರವನ್ನೆಲ್ಲ ತಾನೇ ಹೊತ್ತನು. ಬಾಡಿಗೆ ಕರಾರಿನಲ್ಲಿ ಒಬ್ಬರು ತಪ್ಪಿದರೆ ಇನ್ನೊಬ್ಬರು ಬಿಡುಗಡೆಯಾಗುತ್ತಾರೆ. ಅಬ್ರಾಮನಿಗೆ ಸಿಕ್ಕ ಮಾತಿನಲ್ಲಿ ಅಂಥ ದಾರಿಯನ್ನು ದೇವರು ತನಗಾಗಿ ಇಟ್ಟುಕೊಳ್ಳಲಿಲ್ಲ.

ಸೀನಾಯಿ ಬೆಟ್ಟದಲ್ಲಿ ಇಸ್ರಾಯೇಲ್ ಜನರೂ ದೇವರಿಗೆ ಮಾತು ಕೊಟ್ಟರು, ನಿಜ. ಆಜ್ಞೆಗಳೂ ಇದ್ದವು, ಮುರಿದದ್ದಕ್ಕೆ ಶಿಕ್ಷೆಯೂ ಇತ್ತು. ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಹತ್ತು ಆಜ್ಞೆಗಳ ಮುಂಚಿನ ಸಾಲನ್ನು ನೋಡಿ: ಐಗುಪ್ತದ ದಾಸತ್ವದಿಂದ ನಿನ್ನನ್ನು ಬಿಡಿಸಿದವನು ನಾನೇ ಎನ್ನುತ್ತಾನೆ ದೇವರು. ಬಿಡುಗಡೆ ಮೊದಲು, ಆಜ್ಞೆ ಆಮೇಲೆ. ಈ ಕ್ರಮವನ್ನು ತಿರುಗಿಸಿದರೆ ವಿಶ್ವಾಸವು ಸಾಲ ತೀರಿಸುವ ಕೆಲಸವಾಗಿಬಿಡುತ್ತದೆ.

ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದವನು, ನನಗನ್ನಿಸುವಂತೆ, ಮೆಫೀಬೋಶೆತ. ಇಸ್ರಾಯೇಲಿನ ರಾಜ ಸೌಲನ ಮೊಮ್ಮಗ, ಯೋನಾತಾನನ ಮಗ. ಐದು ವರ್ಷದವನಿದ್ದಾಗ, ತಂದೆಯೂ ಅಜ್ಜನೂ ಯುದ್ಧದಲ್ಲಿ ಸತ್ತ ಸುದ್ದಿ ಕೇಳಿ ದಾದಿ ಅವನನ್ನು ಎತ್ತಿಕೊಂಡು ಓಡುವಾಗ ಬಿದ್ದು ಎರಡೂ ಕಾಲು ಕುಂಟಾದವು. ಆಮೇಲೆ ಲೋದೆಬಾರಿನಲ್ಲಿ ಇನ್ನೊಬ್ಬರ ಮನೆಯಲ್ಲಿದ್ದ. ಹೊಸ ರಾಜ ಹಳೆಯ ರಾಜನ ವಂಶವನ್ನು ಉಳಿಸದಿರುವುದೇ ರೂಢಿಯಾಗಿದ್ದ ಕಾಲ. ಹೊಸ ರಾಜ ದಾವೀದನು ಕರೆಸಿದಾಗ ಅವನಿಗೆ ಭಯವಾಗದೆ ಇರುತ್ತದೆಯೇ? ತನ್ನನ್ನು ಸತ್ತ ನಾಯಿ ಎಂದು ಕರೆದುಕೊಳ್ಳುತ್ತಾನೆ. ಆದರೆ ದಾವೀದನು ಅವನಿಗೆ ಅಜ್ಜನ ಭೂಮಿಯನ್ನೆಲ್ಲ ಹಿಂತಿರುಗಿಸಿ, ರಾಜಕುಮಾರರಂತೆ ದಿನವೂ ತನ್ನ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿಕೊಂಡನು. ತನ್ನ ಗೆಳೆಯ ಯೋನಾತಾನನೊಂದಿಗೆ ಮಾಡಿಕೊಂಡಿದ್ದ ಒಡಂಬಡಿಕೆ, ಅಷ್ಟೇ ಕಾರಣ. ಮೆಫೀಬೋಶೆತ ಆ ಆಣೆ ಇಟ್ಟವನೂ ಅಲ್ಲ, ಅದನ್ನು ಕಾಪಾಡಿಕೊಂಡು ಬಂದವನೂ ಅಲ್ಲ. ಮುಂದೆ ಸೌಲನ ವಂಶದ ಏಳು ಮಂದಿಯನ್ನು ಸೌಲನಿಂದ ಹಿಂಸೆಗೊಳಗಾಗಿದ್ದ ಗಿಬ್ಯೋನ್ಯರಿಗೆ ಒಪ್ಪಿಸುವ ಘೋರ ಸಂದರ್ಭ ಬಂದಾಗಲೂ ಅವನನ್ನು ಉಳಿಸಿದ್ದು ಅದೇ ಆಣೆ (2 ಸಮುವೇಲ 21:7).

ಯೇಸುವಿನ ಕೊನೆಯ ಊಟವನ್ನು ನೆನೆಯುವ ಕರ್ತನ ಭೋಜನದಲ್ಲಿ ಸಭಾಪಾಲಕರು ಪಾತ್ರೆ ಎತ್ತಿ ‘ನನ್ನ ರಕ್ತದಲ್ಲಿ ಸ್ಥಾಪಿತವಾದ ಹೊಸ ಒಡಂಬಡಿಕೆ’ ಎಂಬ ಮಾತು ಓದುವಾಗ ನನಗೆ ನೆನಪಾಗುವುದು ದಾವೀದನ ಆ ಊಟದ ಪಂಕ್ತಿಯೇ. ಯೇಸು ಆ ಮಾತು ಹೇಳಿದ ರಾತ್ರಿ ಮೇಜಿನ ಸುತ್ತ ಕುಳಿತವರು ಯಾರು? ಶತ್ರುಗಳಿಗೆ ಅವನನ್ನು ಹಿಡಿದುಕೊಟ್ಟವನು, ಅವನನ್ನು ಅರಿಯೆನೆಂದವನು, ಬಿಟ್ಟು ಓಡಿಹೋದವರು.

ಒಂದು ಮಾತು ಸೇರಿಸಲೇಬೇಕು. ಹೊಸ ಒಡಂಬಡಿಕೆ ಎಂದೊಡನೆ ದೇವರು ಯೆಹೂದ್ಯರನ್ನು ಕೈಬಿಟ್ಟನೆಂದು ಸಾರುವವರಿದ್ದಾರೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯದಲ್ಲಿ ಪೌಲನು ಅದನ್ನು ಖಂಡಿತವಾಗಿ ನಿರಾಕರಿಸುತ್ತಾನೆ. ದೇವರು ಅವರಿಗೆ ಕೊಟ್ಟ ಮಾತಿಗೇ ತಪ್ಪುವವನಾದರೆ, ನಮಗೆ ಕೊಟ್ಟದ್ದನ್ನು ನಂಬುವುದಾದರೂ ಹೇಗೆ?

ಇನ್ನು ನಿಮ್ಮ ಜನವರಿಯ ಆರಾಧನೆ. 1755ರ ಆಗಸ್ಟ್‌ನಲ್ಲಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಮೆಥೋಡಿಸ್ಟ್ ಪಂಥಕ್ಕೆ ಕಾರಣರಾದ ಬೋಧಕ ಜಾನ್ ವೆಸ್ಲಿ ತಮ್ಮ ಅನುಯಾಯಿಗಳಿಗಾಗಿ ನಡೆಸಿದ ಕೂಟದಿಂದ ಬಂದದ್ದು ಅದು. ಸುಮಾರು 1800 ಜನ ಎದ್ದು ನಿಂತು ಒಪ್ಪಿಗೆ ಸೂಚಿಸಿದರೆಂದು ಅವರೇ ದಿನಚರಿಯಲ್ಲಿ ಬರೆದಿದ್ದಾರೆ. ಮೈಸೂರು ಸೀಮೆಗೆ ವೆಸ್ಲಿಯನ್ ಮಿಷನರಿಗಳು ಬಂದಿದ್ದರು, 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಮೆಥೋಡಿಸ್ಟರೂ ಅದರೊಳಗೆ ಸೇರಿದರು. ಈ ಆರಾಧನೆಯನ್ನು ವರ್ಷವರ್ಷವೂ ಇಟ್ಟಿರುವುದೇ ಜನ ತಪ್ಪುತ್ತಾರೆಂದು ತಿಳಿದು. ತಪ್ಪದವರಿಗೆ ನವೀಕರಣ ಯಾಕೆ ಬೇಕು?

ಹಾಗೆಂದು ಪಾಪವನ್ನು ಹಗುರವಾಗಿ ತೆಗೆದುಕೊಳ್ಳಿ ಎನ್ನುತ್ತಿಲ್ಲ. ಯಾರಿಗಾದರೂ ಅನ್ಯಾಯ ಮಾಡಿದ್ದರೆ ಹೋಗಿ ಸರಿಮಾಡಿಕೊಳ್ಳಿ. ಜನವರಿಯವರೆಗೆ ಕಾಯಬೇಡಿ, ಮುಂದಿನ ಕರ್ತನ ಭೋಜನದ ಭಾನುವಾರ ಪಾಪದ ಅರಿಕೆ ಮಾಡಿ, ಎಲ್ಲರ ಜೊತೆ ಮುಂದೆ ಹೋಗಿ ಮೊಣಕಾಲೂರಿ. ಮನಸ್ಸು ಇನ್ನೂ ಕುಗ್ಗಿದ್ದರೆ ನಿಮ್ಮ ಸಭಾಪಾಲಕರ ಹತ್ತಿರ ಒಂಟಿಯಾಗಿ ಮಾತಾಡಿ.