ಹಾಸನದ ಕಡೆ ಗಂಡ-ಹೆಂಡತಿ ಮನಸ್ತಾಪಕ್ಕೆ ಹಿರಿಯರ ಪಂಚಾಯ್ತಿ ಸಾಲದೆ? ನುರಿತವರ ಸಲಹೆ ಎಲ್ಲಿ ಸಿಗುತ್ತೆ?

ಹಿರಿಯರು ಬೇಡ ಅಂತ ನಾನು ಹೇಳಲ್ಲ. ಆದರೆ ನಮ್ಮ ಕಡೆ ಪಂಚಾಯ್ತಿ ನಡೆಯೋದು ಹೇಗೆ? ಜಗುಲಿ ಮೇಲೆ ಹತ್ತು ಜನ ಗಂಡಸರು, ಕೈಯಲ್ಲಿ ಕಾಫಿ ಲೋಟ. ಸೊಸೆ ಅಡುಗೆಮನೆ ಬಾಗಿಲ ಹಿಂದೆ ಸೆರಗಿನ ತುದಿ ಸುತ್ತುತ್ತಾ ನಿಂತಿರುತ್ತಾಳೆ. ಅವಳನ್ನು ಕೇಳುವ ಹೊತ್ತಿಗೆ ತೀರ್ಮಾನ ಆಗಿಹೋಗಿರುತ್ತೆ: "ಹೊಂದಿಕೊಂಡು ಹೋಗಮ್ಮ."

ಆಪ್ತಸಮಾಲೋಚಕರು, ಅಂದರೆ ಮನಸ್ತಾಪ ಕೇಳಿ ದಾರಿ ತೋರಿಸಲು ತರಬೇತಿ ಪಡೆದವರು, ತೀರ್ಪು ಕೊಡಲ್ಲ. ಸಾಮಾನ್ಯವಾಗಿ ಇಬ್ಬರನ್ನೂ ಬೇರೆಬೇರೆಯಾಗಿ, ಆಮೇಲೆ ಜೊತೆಗೆ ಕೂರಿಸಿ ಕೇಳುತ್ತಾರೆ. ಹೇಳಿದ್ದು ಊರ ಬಾಯಿಗೆ ಬೀಳಲ್ಲ. ನನಗೆ ಇದೇ ದೊಡ್ಡ ವ್ಯತ್ಯಾಸ.

ಮೊದಲ ಹೆಜ್ಜೆಗೆ ಮಾನಸಿಕ ಆರೋಗ್ಯದ ಫೋನ್ ಸಹಾಯವಾಣಿ ಟೆಲಿ ಮಾನಸ್, 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಉಚಿತ ಸರ್ಕಾರಿ ಸೇವೆ. ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ನಿದ್ದೆ, ಊಟ ಬಿಟ್ಟುಹೋಗಿದ್ದರೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಹಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ. ಹೊಡೆತ-ಬಡಿತ ಇದ್ದರೆ ಸಮಾಲೋಚನೆ ಅಂತ ಕಾಯಲೇಬೇಡಿ, ತುರ್ತು ಸಂಖ್ಯೆ 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಕೋರ್ಟಿನವರೆಗೆ ಹೋಗುವಂತಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ; 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ವಕೀಲರ ನೆರವು ಉಚಿತ.

ಫೋನ್ ಮಾಡಲು ಜಾಗ ಮೊದಲೇ ನೋಡಿಟ್ಟುಕೊಳ್ಳಿ. ನನ್ನ ಚಿಕ್ಕಮ್ಮನ ಮಗಳು ಮಾತಾಡಿದ್ದು ಸಕಲೇಶಪುರ ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ, ಮಳೆ ಸದ್ದಿನ ಮರೆಯಲ್ಲಿ. ಮನೆಯಲ್ಲಿ ಒಬ್ಬಳೇ ಅಳುವುದಕ್ಕೂ ಅವಳಿಗೆ ಜಾಗ ಇರಲಿಲ್ಲ.