ಶುಂಠಿ ಲೋಡಿಗೆ ಪಿಕಪ್ ಹಿಂದೆ ಕೂರುತ್ತೆ, ಸ್ಪ್ರಿಂಗಿಗೆ ಎರಡು ಪಟ್ಟಿ ಸೇರಿಸಿದರೆ ಸಾಕಾ?

ಒಂದೂವರೆ ಟನ್ನಿನ ಪಿಕಪ್, ಅರಕಲಗೂಡಿನಿಂದ ಶುಂಠಿ ತುಂಬಿ ಶಿರಾಡಿ ಘಾಟಿ ಇಳಿಸ್ತೀರಿ, ಹಿಂದೆ ಪೂರ್ತಿ ಕೂತುಬಿಡುತ್ತೆ ಅಂದಿದ್ದೀರಿ. ನಾನೂ ಸಕಲೇಶಪುರದಲ್ಲಿ ಪಿಕಪ್ ಇಟ್ಟುಕೊಂಡವನೇ. ಕಾಫಿ, ಮೆಣಸು, ಶುಂಠಿ, ಎಲ್ಲಾ ಬಾಡಿಗೆಗೂ ಹೋಗ್ತೀನಿ. ಎರಡು ಪಟ್ಟಿ, ಅಂದ್ರೆ ಹಿಂದಿನ ಕಮಾನು ಸ್ಪ್ರಿಂಗಿನ ಪ್ಲೇಟು, ಬೇಡ. ಒಂದು ಬೇಕಾಗಬಹುದು, ಅದೂ ತೂಕ ಮಾಡಿಸಿದ ಮೇಲೆ.

ಶುಂಠಿ ಮೂಟೆ ಅಂದ್ರೆ 60 ಕೆಜಿ ಲೆಕ್ಕ. 25 ಮೂಟೆಗೇ ಒಂದೂವರೆ ಟನ್ ಮುಗೀತು. 'ಇನ್ನೈದು ಹಾಕಣ್ಣ' ಅಂದ್ರೆ 300 ಕೆಜಿ ಜಾಸ್ತಿ, ಮಳೆಗಾಲದ ಮಣ್ಣು ಬೇರೆ. ಲೋಡ್ ಸಮೇತ ವೇ ಬ್ರಿಡ್ಜಿಗೆ ಹೋಗಿ. ಪೂರ್ತಿ ಗಾಡಿ ಒಂದ್ಸಲ, ಬರೀ ಹಿಂದಿನ ಚಕ್ರ ಹತ್ತಿಸಿ ಇನ್ನೊಂದ್ಸಲ ತೂಗಿಸಿ. ಎಷ್ಟೋ ಸಲ ಲೋಡ್ ಸರಿಯಾಗೇ ಇರುತ್ತೆ, ಮೂಟೆ ಎಲ್ಲಾ ಹಿಂಬಾಗಿಲ ಕಡೆ ಸೇರಿರುತ್ತೆ. ಕ್ಯಾಬಿನ್ ಕಡೆಗೆ ಒತ್ತಿ ಜೋಡಿಸಿದರೆ ಅರ್ಧ ರಗಳೆ ಅಲ್ಲೇ ಮುಗಿಯುತ್ತೆ.

ಆಮೇಲೆ ಈಗಿರೋ ಪಟ್ಟಿ ನೋಡಿ. ಖಾಲಿ ಗಾಡಿಯನ್ನ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎರಡೂ ಕಡೆ ಎತ್ತರ ಅಳೆಯಿರಿ. ಪಟ್ಟಿಗಳನ್ನ ನಡುವೆ ಸೇರಿಸಿ ಹಿಡಿದಿರೋ ಸೆಂಟರ್ ಬೋಲ್ಟ್ ಹತ್ತಿರ ಸಣ್ಣ ಬಿರುಕು ಇದೆಯಾ, ಪಟ್ಟಿ ತುದಿಯ ಶಾಕಲ್ ಬುಷ್ ಸವೆದಿದೆಯಾ ನೋಡಿ. ಚಪ್ಪಟೆಯಾದ ಹಳೇ ಸೆಟ್ಟಿಗೆ ಹೊಸ ಪ್ಲೇಟ್ ಒಂದನ್ನ ಸೇರಿಸಿದರೆ ಭಾರ ಜಾಸ್ತಿ ಅದರ ಮೇಲೇ ಬಿದ್ದು ಅದು ಮೊದಲು ಮುರಿಯುತ್ತೆ. ಅಂಥದ್ದಕ್ಕೆ ಪೂರ್ತಿ ಸೆಟ್ ಬದಲಿಸೋದೇ ಸರಿ. ಹಳೇದನ್ನೇ ಬಡಿದು ಕಮಾನು ಎತ್ತಿಕೊಡ್ತೀವಿ ಅನ್ನೋರಿದ್ದಾರೆ. ಕಾಯಿಸಿ ಹದ ಕೊಡದೆ ಬರೀ ಬಡಿದದ್ದು ಬೇಗ ಮತ್ತೆ ಕೂರುತ್ತೆ. ಪಟ್ಟಿಗೆ ವೆಲ್ಡಿಂಗ್ ಅಂತೂ ಬೇಡವೇ ಬೇಡ.

ಸೇರಿಸೋ ಪ್ಲೇಟಿನ ದಪ್ಪ ನೀವೇ ನಿಂತು ಅಳತೆ ಮಾಡಿಸಿ. 8 ಎಂಎಂ ಬದಲು 10 ಎಂಎಂ ಹಾಕಿದರೆ ಆ ಪ್ಲೇಟಿನ ಬಿಗಿ ಹೆಚ್ಚುಕಮ್ಮಿ ಎರಡರಷ್ಟಾಗುತ್ತೆ. ಎರಡು ಎಂಎಂ ತಾನೇ ಅಂತ ಬಿಡಬೇಡಿ. ಖಾಲಿ ಬರುವಾಗ ಗಾಡಿ ಕುಣಿದು ಕುಣಿದು ಸೊಂಟ ಹಿಡಿಯುತ್ತೆ.

ಪಟ್ಟಿ ಕಟ್ಟೋ ಅಂಗಡಿಯಲ್ಲಿ ಯಾರೂ ಹೇಳದ ವಿಷಯ ಒಂದಿದೆ, ಬ್ರೇಕು. ಗಾಡಿ ಕೆಳಗೆ ಬಗ್ಗಿ ನೋಡಿ. ತುಂಬಾ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಹೌಸಿಂಗಿನಿಂದ ಚಾಸಿಗೆ ಒಂದು ಸಣ್ಣ ರಾಡ್ ಹೋಗಿರುತ್ತೆ, ತುದಿಯಲ್ಲಿ ಲೋಡ್ ಸೆನ್ಸಿಂಗ್ ವಾಲ್ವ್. ಹಿಂದೆ ಎಷ್ಟು ಕೂತಿದೆ ಅನ್ನೋದರ ಮೇಲೆ ಅದು ಹಿಂದಿನ ಬ್ರೇಕಿಗೆ ಪ್ರೆಶರ್ ಬಿಡುತ್ತೆ. ಪಟ್ಟಿ ಸೇರಿಸಿದಿರಿ, ಲೋಡ್ ಇದ್ರೂ ಗಾಡಿ ಕೂರಲಿಲ್ಲ. ವಾಲ್ವ್ ಪಾಲಿಗೆ ಗಾಡಿ ಖಾಲಿ! ಹಿಂದಿನ ಬ್ರೇಕ್ ಕಮ್ಮಿ ಹಿಡಿಯುತ್ತೆ, ಶಿರಾಡಿ ಇಳಿಯುವಾಗ ಎಲ್ಲಾ ಮುಂದಿನ ಪ್ಯಾಡ್ ಮೇಲೇ ಬಿದ್ದು, ಗುಂಡ್ಯ ತಲುಪೋ ಹೊತ್ತಿಗೆ ಸುಟ್ಟ ವಾಸನೆ. ಕೆಲವರು ಆ ವಾಲ್ವಿನ ಲಿವರನ್ನೇ ತಂತಿ ಬಿಗಿದು ಮೇಲೆ ಕಟ್ಟಿಬಿಡ್ತಾರೆ. ಆಗ ಖಾಲಿ ಗಾಡಿಯಲ್ಲಿ ಹಿಂದಿನ ಬ್ರೇಕ್ ಪೂರ್ತಿ ಹಿಡಿದು, ಒದ್ದೆ ರಸ್ತೆಯಲ್ಲಿ ಹಿಂಭಾಗ ಅಡ್ಡ ತಿರುಗುತ್ತೆ. ಎರಡೂ ಬೇಡ. ಪಟ್ಟಿ ಕೆಲಸ ಆದ ದಿನವೇ ಆ ರಾಡ್ ಗೊತ್ತಿರೋ ಬ್ರೇಕ್ ಮೆಕ್ಯಾನಿಕ್ ಹತ್ರ ಸೆಟ್ ಮಾಡಿಸಿ.

ಏರ್ ಬ್ಯಾಗ್, ಅಂದ್ರೆ ಸ್ಪ್ರಿಂಗಿಗೆ ನೆರವಾಗೋ ಗಾಳಿ ಚೀಲದ ಬಗ್ಗೆಯೂ ಕೇಳಿದ್ದೀರಿ. ಖಾಲಿ ಇದ್ದಾಗ ಗಾಳಿ ಇಳಿಸಬಹುದು, ಅದೊಂದು ಅನುಕೂಲ. ಆದರೆ ತೋಟದ ರಸ್ತೆಯ ಕಲ್ಲಿಗೆ, ಕೆಸರಿಗೆ ನನಗೆ ನಂಬಿಕೆ ಇಲ್ಲ.

ಏನೇ ಹಾಕಿಸಿ, ಆರ್‌ಸಿಯಲ್ಲಿ ಬರೆದ ತೂಕ ಬದಲಾಗಲ್ಲ. ಆಕ್ಸಲ್, ಬೇರಿಂಗ್, ಟೈರ್ ಎಲ್ಲಾ ಹಳೇವೇ. ಟೈರ್ ಪಕ್ಕದಲ್ಲಿ 112 ಅಂತಿದ್ರೆ ಆ ಒಂದು ಟೈರ್ ಹೊರೋದು 1120 ಕೆಜಿ, ಅಷ್ಟೇ.

ಪಟ್ಟಿಯನ್ನ ಆಕ್ಸಲ್‌ಗೆ ಬಿಗಿಯೋ ಯು ಬೋಲ್ಟ್ ಹೊಸದೇ ಹಾಕಿಸಿ, ಬಿಚ್ಚಿದ ಹಳೇದು ಮತ್ತೆ ಬೇಡ. ಮೊದಲ ಲೋಡ್ ಇಳಿಸಿ ಬಂದ ಮೇಲೆ ಇನ್ನೊಂದ್ಸಲ ಟೈಟ್ ಮಾಡಿಸಿ, ಹೊಸದು ಸ್ವಲ್ಪ ಸಡಿಲ ಆಗೇ ಆಗುತ್ತೆ.